ಭಾವನ ಸಿಟ್ಟು ಹೋಗುತ್ತಿದ್ದ ದಾರಿ

ನಮ್ಮ ಭಾವ ಸುಬ್ಬರಾಯನ್ ಅವರಿಗೆ ಸಿಟ್ಟು ಬಂದದ್ದನ್ನು ನೋಡಿದವರು ಸೇಲಂ ಅಮ್ಮಾಪೇಟೆಯ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ನನಗೆ ಇದು ಬಹಳ ವರ್ಷ ನಾಚಿಕೆಯ ಸಂಗತಿಯಾಗಿತ್ತು. ನಾನು ವಿಶ್ವನಾಥನ್, ಅವರ ಹೆಂಡತಿ ವಳ್ಳಿಯಮ್ಮನ ತಮ್ಮ. ಮೊರಪ್ಪೂರು ಸ್ಟೇಷನ್ನಿನಲ್ಲಿ ಟಿಕೆಟ್ ಹರಿದು ಕೊಟ್ಟು ರಿಟೈರ್ ಆಗಿ ಈಗ ಅವರ ಪಕ್ಕದ ಮನೆಯಲ್ಲೇ ಇದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಕೌಂಟರಿಗೆ ಬಂದು ‘ರೈಲು ಬರುತ್ತಾ ಸಾರ್’ ಎಂದು ಕೇಳಿದವನಿಗೆ ‘ಇಲ್ಲ, ಎತ್ತಿನ ಗಾಡಿ ಬರುತ್ತೆ’ ಎಂದವನು ನಾನು. ಅಂಥವನಿಗೆ ಇಂಥ ಭಾವ.

ಭಾವ ನೇಯುವುದು ಬಿಳಿ ರೇಷ್ಮೆ ಪಂಚೆ. ಮನೆಯ ಮುಂದಿನ ಕೋಣೆಯಲ್ಲಿ ಕುಳಿ ಮಗ್ಗ. ನೆಲದಲ್ಲಿ ಸೊಂಟದಾಳದ ಒಂದು ಕುಳಿ, ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಬಿಟ್ಟರೆ ಪಾದದ ಕೆಳಗೆ ತುಳಿಯುವ ಮಣೆ, ಎದುರಿಗೆ ನೂಲಿನ ಹಾಸು. ಹುಡುಗನಾಗಿದ್ದಾಗ ಆ ಕುಳಿಗೆ ಇಳಿದವರು ಊಟಕ್ಕೆ, ನಿದ್ದೆಗೆ, ಮದುವೆಗೆ ಮಾತ್ರ ಮೇಲೆ ಬಂದರು ಎಂದರೆ ಹೆಚ್ಚು ತಪ್ಪಿಲ್ಲ. ಮದುವೆಗೂ ಪೂರ್ತಿ ಬಂದರೆಂದು ಹೇಳಲಾರೆ. ಫೋಟೋದವನು ‘ಕೊಂಜಂ ತಳ್ಳಿ ನಿಲ್ಲುಂಗ’ ಎಂದನಂತೆ, ಸ್ವಲ್ಪ ಸರಿದು ನಿಲ್ಲಿ ಎಂದು. ಇವರು ಸರಿದರು, ಸರಿದರು, ಫೋಟೋದಿಂದಲೇ ಸರಿದುಹೋದರು. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಅಕ್ಕನ ಪಕ್ಕ ಗಂಭೀರವಾಗಿ ನಿಂತಿರುವವನು ಅಡುಗೆಯವನ ಅಳಿಯ.

ಇನ್ನೊಂದು ಸಲ ಬಸ್ಸಿನಲ್ಲಿ ಒಬ್ಬ ದಪ್ಪ ಮನುಷ್ಯ ಸೇಲಂನಿಂದ ಧರ್ಮಪುರಿಯವರೆಗೆ ಭಾವನ ಪಾದದ ಮೇಲೆ ನಿಂತಿದ್ದ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಭಾವ, “ಅವ್ರು ಧರ್ಮಪುರೀಲಿ ಇಳೀತಾರೆ ಅಂತ ಗೊತ್ತಿತ್ತಲ್ಲ ಮಾಪ್ಳೆ,” ಎಂದರು. ಮಾಪ್ಳೆ ಎಂದರೆ ಭಾಮೈದ, ಅಂದರೆ ನಾನು. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: ‘ಆಗ್ಲಿ ಬಿಡು.’ ಏಣಿ ಕೊಡಿ, ಆಗ್ಲಿ ಬಿಡು. ಏಣಿ ಮುರೀತು, ಆಗ್ಲಿ ಬಿಡು. ಇಷ್ಟು ಹೇಳಿ ಹೊಟ್ಟೆ ಹಿಡಿದುಕೊಂಡು ಓಮದ ನೀರು ಕುಡಿಯುತ್ತಿದ್ದರು. ಆ ಮನೆಯಲ್ಲಿ ಕಾಫಿಪುಡಿಗಿಂತ ಓಮ ಜಾಸ್ತಿ ಖರ್ಚು.

ಹೀಗೆ ನಡೆಯುತ್ತಿದ್ದ ಮನೆಗೆ ಸೊಸೆಯಾಗಿ ಬಂದವಳು ಇಂದುಜಾ. ಭಾವನ ಒಬ್ಬನೇ ಮಗ ಭೂಪತಿ ಶಂಕಗಿರಿಯಲ್ಲಿ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾನೆ, ಇವಳು ಅವನ ಹೆಂಡತಿ. ಕಾರಿಮಂಗಲಂ ಕಡೆಯವಳು. ಸೈಕಾಲಜಿ ಓದಿ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುತ್ತಾಳೆ. ರಜೆ ಬಂದರೆ ಮಕ್ಕಳು ಸಿಗುವುದಿಲ್ಲ, ಆಗ ನಮಗೆ ಮಾಡುತ್ತಾಳೆ.

ಬಂದ ಹೊಸದರಲ್ಲೇ ಭಾವನನ್ನು ನೋಡಿ, “ಮಾಮಂಗೆ ಕೋವಮೇ ಬರಲ್ವಾ?” ಎಂದು ಕೇಳಿದಳು. ಕೋವಮ್ ಎಂದರೆ ಸಿಟ್ಟು. ಅವಳ ಕನ್ನಡದಲ್ಲಿ ಅರ್ಧ ತಮಿಳೇ.

“ನಲವತ್ತು ವರ್ಸ ಕಾದಿದೀನಿ, ಬಂದಿಲ್ಲ,” ಎಂದಳು ಅಕ್ಕ. “ನಾನೇ ಇಬ್ರು ಪಾಲಿಂದೂ ಬಯ್ಕೊಂಡು ಓಗ್ತಾ ಇದೀನಿ.”

“ಅಪ್ಪಡಿ ಇರಕ್ಕೆ ಆಗಲ್ಲ ಅತ್ತೆ. ಸಿಟ್ಟು ಅನ್ನೋದು ಅಸಿವು ಇದ್ದಂಗೆ, ಉಟ್ಟೋವಾಗ್ಲೇ ಬರ್ತೈತೆ. ಬಾಯಿಂದ ಬರ್ದೆ ಓದ್ರೆ ಬೇರೆ ಕಡೆ ಓಗ್ತೈತೆ. ಮನೆ ಒಳಗೆ ಬೆಕ್ಕು ಸಿಕ್ಕಾಕ್ಕೊಂಡ್ರೆ ಬಾಗ್ಲು ಮುಚ್ಚಿದ್ರೇನು, ಕಿಟಕಿ ಉಡುಕಲ್ವಾ, ಅಂಗೆ.”

ಆಮೇಲೆ ಅವಳು ಬೆಕ್ಕಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದು ತೋರಿಸಿದಳು. ಬಲವಿದ್ದವನ ಮೇಲಿನ ಸಿಟ್ಟನ್ನು ಬಡಪಾಯಿಯ ಮೇಲೆ ತೀರಿಸುವುದು ಒಂದು. ತನ್ನ ಮೇಲೇ ತಿರುಗಿಸಿಕೊಂಡು ಹೊಟ್ಟೆನೋವು ತರಿಸಿಕೊಳ್ಳುವುದು ಇನ್ನೊಂದು. ಸಿಟ್ಟನ್ನು ಕೆಲಸಕ್ಕೆ ಹಾಕುವುದು ಮತ್ತೊಂದು, ಇದು ಒಳ್ಳೆಯದಂತೆ. ಎಲ್ಲರ ಮನಸ್ಸಿನೊಳಗೂ ಒಬ್ಬ ಹೆಡ್‌ಮಾಸ್ಟರ್ ಕೂತಿರುತ್ತಾನಂತೆ. ಭಾವನೊಳಗಿನ ಹೆಡ್‌ಮಾಸ್ಟರ್ ತೀರಾ ಕಟ್ಟುನಿಟ್ಟು, ಹಾಗಾಗಿ ತರಗತಿಯಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ. ನನ್ನೊಳಗೆ ಹೇಗೆ ಎಂದು ಕೇಳಿದೆ. “ಸ್ಟೇಷನ್ ಮಾಮ, ನಿಮ್ ಸ್ಕೂಲಿಗೆ ದಿನಾ ಲೀವು,” ಎಂದಳು. ಆದರೂ ಬಾಯಿಬಿಟ್ಟು ಕಿರುಚುವವನಾದ್ದರಿಂದ ಈ ಮನೆಯಲ್ಲಿ ಮನಸ್ಸಿನ ಆರೋಗ್ಯ ಇರುವವನು ನಾನೊಬ್ಬನೇ ಎಂದೂ ಹೇಳಿದಳು. ಆ ಹುಡುಗಿಯ ಬುದ್ಧಿವಂತಿಕೆಯ ಮೇಲೆ ನನಗೆ ಆಗಲೇ ನಂಬಿಕೆ ಬಂತು.

ಮೊದಲ ಪ್ರಯೋಗ ದಿಂಬಿನದು. ದಿಂಬನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಯಾರ ಮೇಲೆ ಸಿಟ್ಟಿದೆಯೋ ಅವರೇ ಇದು ಅಂದುಕೊಂಡು ಗುದ್ದಬೇಕು. ಭಾವ ಬಹಳ ಹೊತ್ತು ದಿಂಬನ್ನು ನೋಡಿದರು. ಅದು ಒಂದು ಪಕ್ಕಕ್ಕೆ ವಾಲಿತ್ತು, ನೆಟ್ಟಗೆ ಕೂರಿಸಿದರು. ಗಲೀಫಿನ ಸುಕ್ಕು ಬಿಡಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, ದಿಂಬಿನತ್ತ ಕೈ ತೋರಿಸಿ, ಇವರಿಗೆ ಕಾಫಿ ಕೊಟ್ಯಾ ಎಂದರು. ನನಗೆ ತಡೆಯಲಾಗಲಿಲ್ಲ. ಹೀಗಲ್ಲ ಭಾವ ಎಂದು ನಾನೇ ಎದ್ದು ತೋರಿಸಿಕೊಟ್ಟೆ. ದಿಂಬು ಒಡೆದು ಬೂರುಗದ ಹತ್ತಿ ಮನೆಯೆಲ್ಲ ಹಾರಿತು. ಅಕ್ಕ ನನ್ನನ್ನು ಏನೆಂದು ಬಯ್ದಳೆಂದು ಇಲ್ಲಿ ಬರೆಯುವುದಿಲ್ಲ. ಭಾವ ಒಂದೊಂದೇ ಎಳೆ ಹತ್ತಿಯನ್ನು ಆರಿಸಿ ತುಂಬಿ ಹೊಲಿದರು.

ಎರಡನೆಯ ಪ್ರಯೋಗ ತಿಂಡಿಯ ಹೊತ್ತಿನಲ್ಲಿ. ಎಲ್ಲ ಸಿಟ್ಟಿನ ಬೇರು ಚಿಕ್ಕಂದಿನಲ್ಲಿರುತ್ತದೆ, ಅಪ್ಪ ಮಗನ ನಡುವೆ ಇರುತ್ತದೆ ಎಂದು ಇಂದುಜಾ ಓದಿದ್ದಳು. “ಮಾಮ, ಚಿಕ್ ವಯಸ್ನಲ್ಲಿ ನಿಮ್ಗೆ ನಿಮ್ ಅಪ್ಪ ಸತ್ತೋಗ್ಲಿ ಅಂತ ಯಾವಾಗ್ಲಾದ್ರೂ ಅನ್ಸಿತ್ತಾ?” ಎಂದು ಇಡ್ಲಿ ಬಡಿಸುತ್ತಾ ಕೇಳಿಬಿಟ್ಟಳು.

“ಬಾಯಲ್ಲಿ ಇಡ್ಲಿ ಇರೋವಾಗ ಕೇಳೋ ಮಾತೇನೇ ಇದು,” ಎಂದಳು ಅಕ್ಕ.

ಭಾವ ಎದ್ದುಬಿಟ್ಟರು. ತಟ್ಟೆಯಲ್ಲಿ ಇನ್ನೂ ಇಡ್ಲಿ ಇತ್ತು, ಕೈ ತೊಳೆದು ಹೋಗಿ ಮಗ್ಗದಲ್ಲಿ ಕೂತರು. ಪ್ರತಿ ಎಳೆ ಹಾಯಿಸಿದ ಮೇಲೆ ಅದನ್ನು ಬಡಿದು ಕೂಡಿಸಲು ಹಣಿಗೆ ಇರುತ್ತದಲ್ಲ, ಆ ಹಣಿಗೆಯ ಸದ್ದು ಆವತ್ತು ನಮ್ಮ ಮನೆಯ ಗೋಡೆಯ ಕ್ಯಾಲೆಂಡರನ್ನು ಅಲ್ಲಾಡಿಸಿತು. ಇಂದುಜಾ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು ಕೇಳಿಸಿಕೊಂಡಳು. ಅವಳ ಮುಖ ಅರಳಿತು.

“ಅಲ್ಲಿ ಓಗ್ತೈತೆ ನೋಡಿ ಸ್ಟೇಷನ್ ಮಾಮ,” ಎಂದಳು.

ನಿಜವೇ. ಭಾವನ ಪಂಚೆ ನಮ್ಮ ಕಡೆಯೆಲ್ಲ ಹೆಸರಾದದ್ದು ನೇಯ್ಗೆಯ ಬಿಗಿಗೆ. ನೀರು ಹಿಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಯದು. ಒಗೆದು ಹಾಕಿದರೆ ಒಣಗದು. ಅದನ್ನುಟ್ಟ ಮದುಮಗ ಕೂರಲು ಸ್ವಲ್ಪ ಯೋಚಿಸಬೇಕು. ನೇಕಾರರ ಸೊಸೈಟಿಯಲ್ಲಿ ಅದನ್ನು ಕೈಚಳಕ ಎಂದುಕೊಂಡಿದ್ದರು. ಆ ಬಿಗಿಯೆಲ್ಲ ಬಸ್ಸಿನ ದಪ್ಪ ಮನುಷ್ಯನದು, ಫೋಟೋದವನದು, ಏಣಿ ಮುರಿದವನದು ಎಂದು ಆವತ್ತು ತಿಳಿಯಿತು.

ಹಾಗಾದರೆ ಮಗ್ಗ ನಿಂತಾಗ ಸಿಟ್ಟು ಎಲ್ಲಿ ಹೋಗುತ್ತಿತ್ತು? ಇಂದುಜಾ ಕೇಳಿದ ಮೇಲೆ ನಾನು ನೆನಪಿಸಿಕೊಂಡೆ. ಒಮ್ಮೆ ನೂಲು ಬರದೆ ಮಗ್ಗ ವಾರಗಟ್ಟಲೆ ಖಾಲಿ ಇತ್ತು. ಆಗ ಭಾವನ ಅಣ್ಣ ಶಂಕಗಿರಿಯಿಂದ ಬಂದು, ಮನೆಯ ಪಾಲಿನಲ್ಲಿ ಬಾವಿಯ ಕಡೆಯ ಭಾಗ ತನಗೆ ಎಂದರು. ಆಗ್ಲಿ ಬಿಡು ಎಂದರು ಭಾವ. ಅಣ್ಣನ ಚೀಲ ತಾವೇ ಹೊತ್ತು ಜಂಕ್ಷನ್ನಿಗೆ ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದು, ಬಾಳೆಹಣ್ಣು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ರೈಲು ಹತ್ತಿಸಿದರು. ಶಂಕಗಿರಿಯ ರೈಲಲ್ಲ, ಅದರ ಎದುರು ದಿಕ್ಕಿನ ರೈಲು. ಅಣ್ಣ ಮೊರಪ್ಪೂರಿನಲ್ಲಿ ನನ್ನ ಕೌಂಟರಿನ ಮುಂದೆ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ. ಭಾವನನ್ನು ಕೇಳಿದರೆ, ‘ಅಯ್ಯೋ, ಮರ್ತೋಯ್ತು.’ ಇನ್ನೊಮ್ಮೆ ಸೊಸೈಟಿಯ ಸೆಕ್ರೆಟರಿ ಎಲ್ಲರೆದುರು ಪಂಚೆಯ ಅಂಚು ಸೊಟ್ಟ ಎಂದ. ಅದೇ ವಾರ ಅವನಿಗೆ ಸನ್ಮಾನ, ಹಾರ ಹಾಕುವ ಕೆಲಸ ಭಾವನದು. ಅವರು ಭಕ್ತಿಯಿಂದ ಹೋಗಿ ಅವನ ಡ್ರೈವರಿಗೆ ಹಾರ ಹಾಕಿ ಬಂದರು. ಡ್ರೈವರ್ ನಾಲ್ಕು ಮಾತೂ ಆಡಿದ. ಭಾವ ಸುಳ್ಳು ಹೇಳುವವರಲ್ಲ. ಇದನ್ನೆಲ್ಲ ತಾವು ಸಿಟ್ಟಿನಿಂದ ಮಾಡಿದ್ದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಂಥ ಹೊತ್ತಿಗೆ ಭೂಪತಿ ಕುಳಿ ಮುಚ್ಚುವ ಮಾತೆತ್ತಿದ. ಅವನ ಆಫೀಸಿನವರು ಮನೆಗೆ ಬರುವುದಿತ್ತು. ಬಂದವರನ್ನು ಕೂರಿಸಲು ಸೋಫಾ ಬೇಡವೇ, ಸೋಫಾ ಹಾಕಲು ಮುಂದಿನ ಕೋಣೆ ಬೇಡವೇ, ಮುಂದಿನ ಕೋಣೆಯಲ್ಲಿ ಗುಂಡಿ ಇದ್ದರೆ ಬಂದವರು ಬೀಳುವುದಿಲ್ಲವೇ. ಅವನ ಮಾತು ಸುಳ್ಳಲ್ಲ. ನಾನೂ ಸೋಫಾ ಆದರೆ ಮಂಡಿಗೆ ಒಳ್ಳೆಯದು ಎಂದೆ.

“ಅಪ್ಪ, ಕುಳಿ ಮುಚ್ಚಿ ಟೈಲ್ಸ್ ಆಕಿಸ್ಲಾ? ನಿಂಗೂ ವಯಸ್ಸಾಯ್ತು. ಸುಮ್ನೆ ಟಿವಿ ನೋಡ್ಕೊಂಡ್ ಇರು.”

ಭಾವ ಹಾಸಿನ ಮೇಲೆ ಕೈಯಾಡಿಸಿದರು. “ಆಗ್ಲಿ ಬಿಡು,” ಎಂದರು.

ಆವತ್ತು ಅಡುಗೆಮನೆಯಲ್ಲಿ ಇಂದುಜಾ ನನ್ನನ್ನು, ಅಕ್ಕನನ್ನು ಕೂರಿಸಿಕೊಂಡು ಹೇಳಿದಳು: “ಮಾಮಂಗೆ ಇರೋದೇ ಅದೊಂದು ದಾರಿ. ಅದನ್ನೂ ಮುಚ್ಚಿದ್ರೆ ಒಳಗೇ ಕೊಳೀತಾರೆ. ಮಾಮಾನೇ ಬಾಯ್ಬಿಟ್ಟು ಬೇಡ ಅನ್ಬೇಕು. ಇಲ್ದಿದ್ರೆ ಕುಳೀನೂ ಓಯ್ತು, ಮಾಮಾನೂ ಓದ್ರು.” ಗಂಡನಿಗೆ ಅವಳೇ ಹೇಳಬಹುದಿತ್ತು. ಹೇಳಿದ್ದಳಂತೆ. ಅವನು, ಅಪ್ಪನೇ ಸರಿ ಅಂದಿದಾರಲ್ಲ, ನಿಂದೇನು ಎಂದನಂತೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದು ನೋಡಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆ ಸೋಫಾ ನನಗೆ ಬೇಕಾಗೇ ಇರಲಿಲ್ಲ ಎನಿಸಿತು.

ಕೆಲಸದ ದಿನ ಮೇಸ್ತ್ರಿ ಅರವಿಂದ್ ಬಂದ. ಭಾವನಷ್ಟು ಸಹಾಯ ಮಾಡುವ ಮನೆಯವರನ್ನು ಅವನು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಭಾವ ಅವನ ಕರಣೆ, ದಾರ, ರಸಮಟ್ಟ ಎಲ್ಲವನ್ನೂ ಕಳೆದುಹೋಗದ ಹಾಗೆ ಜೋಪಾನವಾಗಿ ಎತ್ತಿಟ್ಟರು. ಎಲ್ಲಿ ಎತ್ತಿಟ್ಟೆ ಎಂದು ಮರೆತರು. ಅವನು ಬಾಯಾರಿಕೆ ಎಂದರೆ ಓಡಿಹೋಗಿ ಓಮದ ನೀರು ಕೊಟ್ಟರು, ಅದೂ ಚೊಂಬಿನ ತುಂಬ. ಆಮೇಲೆ ಅರವಿಂದ್ ಕೆಲಸಕ್ಕಿಂತ ಹಿತ್ತಲಲ್ಲೇ ಹೆಚ್ಚು ಹೊತ್ತು ಇದ್ದ. ಕುಳಿ ತುಂಬಿಸುವ ಮಣ್ಣಿನ ಟ್ರ್ಯಾಕ್ಟರಿಗೆ ಫೋನಿನಲ್ಲಿ ದಾರಿ ಹೇಳಿದವರೂ ಭಾವನೇ.

ನಾನು ಹೊರಗೆ ಹೋಗೋಣವೆಂದು ನನ್ನ ಮನೆಯ ಬಾಗಿಲು ತೆಗೆದೆ. ಎದೆಯೆತ್ತರಕ್ಕೆ ಮಣ್ಣು. ಟ್ರ್ಯಾಕ್ಟರಿನವನು ಪೂರ್ತಿ ಲೋಡನ್ನು ನನ್ನ ಬಾಗಿಲಿಗೆ ಸುರಿದು ಹೋಗಿದ್ದ. ಮಣ್ಣಿನ ಆ ಕಡೆಯಿಂದ ಭಾವನ ತಲೆ ಕಾಣಿಸಿತು. “ಅಯ್ಯೋ ಮಾಪ್ಳೆ, ಪಕ್ಕದ್ ಮನೆ ಅಂತ ಏಳಿದ್ನೋ ಏನೋ,” ಎಂದರು. ಅವರ ಪಕ್ಕ ಇಂದುಜಾ ನಿಂತು ನನ್ನನ್ನೇ ನೋಡುತ್ತಿದ್ದಳು.

“ಸ್ಟೇಷನ್ ಮಾಮ, ನೀವೇನ್ ಮಾಡಿದ್ರಿ ಅವ್ರಿಗೆ?”

“ನಾನೇನ್ ಮಾಡ್ದೆ? ಸೋಫಾ ಮಂಡಿಗೆ ಒಳ್ಳೇದು ಅಂದೆ, ಅಷ್ಟೇ.”

“ಅಷ್ಟಕ್ಕೆ ಒಂದ್ ಲೋಡು,” ಎಂದಳು ಅವಳು, ಬಹಳ ಸಂತೋಷದಿಂದ.

ನಾನು ಮಣ್ಣು ಹತ್ತಿ ಇಳಿದು ಅವರ ಮನೆಗೆ ಹೋಗುವಷ್ಟರಲ್ಲಿ ಭೂಪತಿಯ ತಾಳ್ಮೆ ಮುಗಿದಿತ್ತು. ಮೇಸ್ತ್ರಿ ಹಿತ್ತಲಲ್ಲಿ, ಕರಣೆ ನಾಪತ್ತೆ. ತಾನೇ ಒಂದು ಬುಟ್ಟಿ ಮಣ್ಣು ಹೊತ್ತು ತಂದು ಕುಳಿಯ ಅಂಚಿಗೆ ನಿಂತಿದ್ದ.

ಇಂದುಜಾ ಅವನ ಮುಂದೆ ಹೋಗಿ ನಿಂತಳು. “ನಿಮ್ ಅಪ್ಪ ಬೆಳಗ್ಗೆಯಿಂದ ಬೇಡ ಬೇಡ ಅಂತಾನೇ ಇದಾರೆ. ಬಾಯಲ್ಲಿ ಅಂದಿಲ್ಲ ಅಷ್ಟೇ.”

“ಬಾಯಲ್ಲಿ ಅನ್ಲಿ, ಬಿಟ್ಟುಬಿಡ್ತೀನಿ. ಅಪ್ಪ, ಬೇಡ್ವಾ? ಬೇಡ ಅಂದ್ರೆ ಬೇಡ ಅನ್ನು.”

ಭಾವ ಮೆಲ್ಲಗೆ ಕುಳಿಗೆ ಇಳಿದು, ಎಂದಿನ ಹಾಗೆ ಅಂಚಿನಲ್ಲಿ ಕೂತು, ಕಾಲನ್ನು ಮಣೆಯ ಮೇಲಿಟ್ಟರು. “ನೀನ್ ಆಕಪ್ಪ ಮಣ್ಣು,” ಎಂದರು. “ನಾನು ಇಂಗೇ ಕೂತಿರ್ತೀನಿ. ಪರವಾಯಿಲ್ಲ.”

ನನಗೆ ನಗು ಬಂತು, ಭೂಪತಿಗೆ ಬರಲಿಲ್ಲ. ಬುಟ್ಟಿ ಇಳಿಸಿ, “ನನ್ ಮೇಲೆ ಸಿಟ್ಟಿದ್ರೆ ಬಯ್ಯಪ್ಪ,” ಎಂದ. “ಎಲ್ರ ಮನೇಲೂ ಅಪ್ಪಂದ್ರು ಬಯ್ತಾರೆ. ನೀನು ಒಂದ್ ದಿನಾನೂ ಬಯ್ದಿಲ್ಲ. ನಾನು ನಿಂಗೇನೂ ಅಲ್ವೇನೋ ಅಂತ ಅನ್ಸೋದು.”

ಭಾವ ತಲೆ ತಗ್ಗಿಸಿಕೊಂಡೇ ಹೇಳಿದರು. ಅಕ್ಕಿ ಮುಗಿದಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು.

“ನಾನ್ ಒಂದ್ಸಲ ಬಯ್ದಿದೀನಪ್ಪ. ನಂಗಾಗ ಆರು ವರ್ಸವೋ ಏಳೋ. ಗಾಳಿಪಟಕ್ಕೆ ರೇಸ್ಮೆ ದಾರ ಕದ್ದೆ ಅಂತ ನಮ್ಮಪ್ಪ ಪಟ ಅರ್ದಾಕಿದ್ರು. ನೀನು ಸತ್ತೋಗು ಅಂದೆ. ಅವ್ರು ಕಾರಿಮಂಗಲಕ್ಕೆ ಓದ್ರು, ಸಂತೆಗೆ. ಸಂತೇಲೇ ಎದೆ ಇಡ್ಕೊಂಡು ಬಿದ್ಬಿಟ್ರು. ಗಾಡೀಲಿ ಆಕ್ಕೊಂಡು ತಂದ್ರು.”

ನಲವತ್ತು ವರ್ಷ ಜೊತೆಗಿದ್ದ ಅಕ್ಕನಿಗೂ ಇದು ಗೊತ್ತಿರಲಿಲ್ಲ. ಬೇರು ಚಿಕ್ಕಂದಿನಲ್ಲಿರುತ್ತದೆ ಎಂದು ಇಂದುಜಾ ಹೇಳಿದ್ದು ಸರಿಯಾಗಿತ್ತು. ಆದರೆ ಅವಳು ಗೆದ್ದವಳ ಮುಖ ಮಾಡಲಿಲ್ಲ, ಆ ತಿಂಡಿಯ ಹೊತ್ತು ನೆನಪಾಗಿ ಅಳುತ್ತಿದ್ದಳು. ನಾನೂ ಅತ್ತೆ. ಯಾಕೆ ಅಳಬಾರದು.

ಭೂಪತಿ ಕುಳಿಯ ಅಂಚಿನಲ್ಲಿ ಅಪ್ಪನ ಪಕ್ಕ ಕೂತ. “ಅಪ್ಪ, ನೀನು ನಂಗೆ ಬಯ್ಯಿ. ನಾನ್ ಸಾಯಲ್ಲ,” ಎಂದ.

“ಏನಂತ ಬಯ್ಲಿ?” ಎಂದರು ಭಾವ.

ಇಲ್ಲಿ ಅಕ್ಕ ಮುಂದೆ ಬಂದಳು. ಈ ವಿಷಯದಲ್ಲಿ ಅವಳನ್ನು ಮೀರಿಸುವವರಿಲ್ಲ. “ಕತ್ತೆ ಅನ್ನಿ,” ಎಂದಳು.

“ಕತ್ತೆ ಪಾಪ ಏನ್ ಮಾಡ್ತು.”

“ದಂಡಪಿಂಡ ಅನ್ನಿ.”

“ಕೆಲ್ಸಕ್ಕೆ ಓಗ್ತಾನಲ್ಲೇ.”

ಅಕ್ಕ ಇನ್ನೂ ಐದಾರು ಹೇಳಿದಳು. ಪ್ರತಿಯೊಂದಕ್ಕೂ ಭಾವನ ಬಳಿ ಮಗನ ಪರವಾಗಿ ಒಂದು ಉತ್ತರವಿತ್ತು. ಹಿತ್ತಲಿಂದ ಬಂದ ಅರವಿಂದ್ ಕೂಡ ಒಂದೆರಡು ಹೇಳಿಕೊಟ್ಟ, ಅವು ಹೆಂಗಸರ ಎದುರಿಗೆ ಆಡುವಂಥವಲ್ಲ. ಕೊನೆಗೆ ನಾನು ಬುಟ್ಟಿಯನ್ನು ಎತ್ತಿ, ಇವರ ಕೈಲಿ ಆಗದು, ಹಾಕಿಬಿಡೋಣ ಎಂದು ಒಂದು ಹಿಡಿ ಮಣ್ಣನ್ನು ಹಾಸಿನ ಪಕ್ಕಕ್ಕೆ ಎಸೆದೆ. ಬಿಳಿ ರೇಷ್ಮೆಯ ಮೇಲೆ ಒಂದು ಚೂರು ಬಿತ್ತು.

“ಬೇಡ,” ಎಂದರು ಭಾವ.

ಸಣ್ಣದಾಗಿ ಬಂತು ಮೊದಲು. ಆಮೇಲೆ ಎದ್ದು ನಿಂತರು. “ಬೇಡ ಕಣ್ಲಾ. ಯಾವನ್ಲಾ ಅವ್ನು ನನ್ ಕುಳಿ ಮುಚ್ಚೋನು. ಸೋಫಾ ಅಂತೆ ಸೋಫಾ. ನಿನ್ ಆಫೀಸ್ನೋರು ಬಂದ್ರೆ ನೆಲದ್ ಮೇಲೆ ಕೂತ್ಕೊಳ್ಳಿ, ಇಲ್ದಿದ್ರೆ ನಿಂತ್ಕೊಳ್ಳಿ. ನನ್ ಕೇಳ್ದೆ ಈ ಮನೇಲಿ ಒಂದ್ ಟೈಲ್ಸ್ ಇಟ್ಟೀಯ, ನೋಡು.” ಆ ದನಿ ಎಲ್ಲಿತ್ತೋ. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು.

ಭೂಪತಿ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. “ಆಗ್ಲಿ ಬಿಡಪ್ಪ,” ಎಂದ. ಬೈಕಿನ ಕೀ ತೆಗೆದುಕೊಂಡು ಹೊರಟುಹೋದ.

ಭಾವನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆಗ್ಲಿ ಬಿಡು ಎಂದರೆ ಏನರ್ಥವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವರು ಬಾಗಿಲಿಗೆ ಬಂದು ನಿಂತವರು ಅಲ್ಲಿಂದ ಕದಲಲಿಲ್ಲ. ಅಕ್ಕ ಊಟಕ್ಕೆ ಕರೆದಳು, ಬರಲಿಲ್ಲ. ಇಂದುಜಾ ಫೋನ್ ಮಾಡಿದಳು, ಭೂಪತಿ ಎತ್ತಲಿಲ್ಲ. ಅವನಿಗೇನೂ ಆಗಿರಲ್ಲ ಮಾಮ ಎಂದು ಎಷ್ಟು ಹೇಳಿದರೂ ಭಾವ ಬೀದಿಯ ತಿರುವನ್ನೇ ನೋಡುತ್ತಿದ್ದರು. ಓಮದ ನೀರೂ ಬೇಡ ಎಂದರು. ನನಗೆ ಆ ಹುಡುಗನ ಮೇಲೆ ಬಂದ ಸಿಟ್ಟಿಗೆ ನನ್ನ ಬಾಗಿಲ ಮಣ್ಣನ್ನೆಲ್ಲ ನಾನೇ ಗುದ್ದಲಿ ಹಿಡಿದು ಪಕ್ಕಕ್ಕೆ ಎಳೆದೆ. ಅದು ಒಳ್ಳೆಯ ಕಿಟಕಿ ಎಂದು ಇಂದುಜಾ ಆಮೇಲೆ ಹೇಳಿದಳು.

ದೀಪ ಹಚ್ಚುವ ಹೊತ್ತಿಗೆ ಬೈಕಿನ ಸದ್ದು ಕೇಳಿಸಿತು. ಭೂಪತಿ ಬಂದ. ಟೈಲ್ಸ್ ಅಂಗಡಿಗೆ ಹೋಗಿ ಬೇಡವೆಂದು ಹೇಳಿ, ಸೋಫಾ ಅಂಗಡಿಗೂ ಹೇಳಿ, ಫೋನಿನ ಚಾರ್ಜ್ ಮುಗಿದು, ಬರುವಾಗ ಅಪ್ಪನಿಗೆ ಇಷ್ಟವೆಂದು ತಟ್ಟುವಡೆ ಸೆಟ್, ಎರಡು ನಿಪ್ಪಟ್ಟಿನ ನಡುವೆ ತರಕಾರಿ ಚಟ್ನಿ ಇಟ್ಟದ್ದು, ಕಟ್ಟಿಸಿಕೊಂಡು ಬಂದಿದ್ದ. ಪೊಟ್ಟಣ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತ.

“ಎಲ್ಲೋಗಿದ್ಯೋ ಇಷ್ಟೊತ್ತು?” ಎಂದು ಗುಡುಗಿದರು ಭಾವ. “ಮನೆ ಮಠ ಇಲ್ವೇನ್ಲಾ ನಿಂಗೆ? ಉಣ್ಣೋ ಒತ್ತಿಗೆ ಬರಕ್ಕಾಗಲ್ವಾ? ಏಳಿ ಓಗಕ್ಕಾಗಲ್ವಾ? ಕತ್ತೆ.”

“ಬಂದ್ನಲ್ಲಪ್ಪ,” ಎಂದ ಭೂಪತಿ.

ಭಾವ ಮೆಟ್ಟಿಲಿಳಿದು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಭುಜ ಮುಟ್ಟಿದರು, ಎದೆಯ ಮೇಲೆ ಕೈಯಿಟ್ಟು ನೋಡಿದರು. ಇದ್ದಾನೆ ಎಂದು ಖಾತ್ರಿಯಾಯಿತು. ಆಮೇಲೆ ಇನ್ನೊಂದು ಸಲ, ಮೊದಲಿಂದ, ಬಯ್ಯಲು ಶುರು ಮಾಡಿದರು.